ಸಹಾಯ ಬೇಕು: ಮೀಡಿಯಾ ಕನ್ವರ್ಟರ್ ದೊಡ್ಡ ಪ್ಯಾಕೆಟ್ ದಾಟಿಸ್ತಿಲ್ಲ
ವಿಜಯಪುರದಾಗ ಎರಡು ಕಟ್ಟಡದ ನಡುವೆ ಸಿಂಗಲ್ ಮೋಡ್ ಫೈಬರ್, ಎರಡೂ ತುದಿಗೆ ಮ್ಯಾನೇಜ್ಡ್ ಮೀಡಿಯಾ ಕನ್ವರ್ಟರ್ (ಫೈಬರನ್ನ ತಾಮ್ರದ ಕೇಬಲ್‌ಗೆ ಜೋಡಿಸೋ, ಸೆಟ್ಟಿಂಗ್ ಬದಲಿಸಬಹುದಾದ ಪೆಟ್ಟಿಗಿ). ಕ್ಯಾಮೆರಾಕ್ಕ ವಿಲ್ಯಾನ್ (ಒಂದೇ ತಂತಿಯೊಳಗ ಬೇರೆ ಮಾಡಿದ ನೆಟ್‌ವರ್ಕ್) 20, ಮ್ಯಾನೇಜ್‌ಮೆಂಟಿಗೆ 99. ಫೈಬರ್ ಪೋರ್ಟಿನಾಗ ಎರಡೂ ಟ್ಯಾಗ್ಡ್, ಅಂದ್ರ ಪ್ರತಿ ಫ್ರೇಮಿಗೆ (ಡೇಟಾದ ತುಂಡಿಗೆ) ವಿಲ್ಯಾನ್ ನಂಬರಿನ ಗುರುತು ಇರ್ತದ. ಕ್ಯಾಮೆರಾ ಕಡೆ ತಾಮ್ರದ ಪೋರ್ಟ್ 20ಕ್ಕ ಅನ್‌ಟ್ಯಾಗ್ಡ್, ಪಿವಿಐಡಿನೂ 20 (ಟ್ಯಾಗಿಲ್ಲದ ಫ್ರೇಮ್ ಒಳಗ ಬಂದ್ರ ಯಾವ ವಿಲ್ಯಾನಿಗೆ ಅನ್ನೋ ನಂಬರ್; ಅದು 1ರಾಗ ಉಳಿದ್ರ ಕ್ಯಾಮೆರಾದ ಟ್ರಾಫಿಕ್ ತಪ್ಪು ವಿಲ್ಯಾನಿಗೆ ಹೋಗ್ತದ, ಮೊದಲ ಅದನ್ನೇ ನೋಡೀನಿ).

ಕ್ಯಾಮೆರಾದ ಲಾಗಿನ್ ಪುಟ ತೆರಿತದ, ವಿಡಿಯೋ ಮಾತ್ರ ಬರಂಗಿಲ್ಲ. ಡೋಂಟ್ ಫ್ರಾಗ್ಮೆಂಟ್ (ಪ್ಯಾಕೆಟ್ ಒಡೀಬ್ಯಾಡ ಅನ್ನೋ ಆಯ್ಕೆ) ಹಾಕಿ ಪಿಂಗ್ ಮಾಡಿದ್ರ 1468 ಬೈಟ್ ದಾಟ್ತದ, 1472 ದಾಟಂಗಿಲ್ಲ. ಅಂದ್ರ ಹೆಡರ್‌ಗಳು, ಟ್ಯಾಗಿನ 4 ಬೈಟ್ ಎಲ್ಲಾ ಸೇರಿ ಫ್ರೇಮ್ 1518 ಮೀರಿದ ಕೂಡ್ಲೇ ಎಲ್ಲೋ ಡ್ರಾಪ್ ಆಗ್ಲಿಕತ್ತದ. ಎರಡೂ ಕಡೆ ಮ್ಯಾಕ್ಸ್ ಫ್ರೇಮ್ 1522 ಮಾಡಿ, ಸೇವ್ ಮಾಡಿ, ರೀಬೂಟೂ ಮಾಡೀನಿ. ಸಿಆರ್‌ಸಿ ಎರರ್ (ಕೆಟ್ಟು ಬಂದ ಫ್ರೇಮಿನ ಲೆಕ್ಕ) ಸೊನ್ನೆ. ಆದ್ರೂ ಅದೇ ಕತಿ.

ಈ ಮಿತಿಯನ್ನ ಫೈಬರ್ ಪೋರ್ಟಿಗೆ ಬೇರೆ ಹಾಕಬೇಕೇನು? ಇಲ್ಲಾ ಟ್ಯಾಗ್ ಲೆಕ್ಕ ಹಿಡಿದು 1526 ಕೊಡಬೇಕೇನು?