ಪದಚರ್ಚೆ: ಸಾವಯವ ‘ದೃಢೀಕರಣ’ವೋ ‘ಪ್ರಮಾಣೀಕರಣ’ವೋ?

ಗೆಳೆಯರಿಗೆ ನಮಸ್ಕಾರ.

ಸಾವಯವ ಸರ್ಟಿಫಿಕೇಟ್ ಪಡೆಯುವುದು ಹೇಗೆ ಎಂದು ರೈತರಿಗೆ ತಿಳಿಸುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಸರ್ಟಿಫಿಕೇಶನ್‌ಗೆ ಕೆಲವರು ‘ದೃಢೀಕರಣ’ ಅಂತಾರೆ, ಕೆಲವರು ‘ಪ್ರಮಾಣೀಕರಣ’ ಅಂತಾರೆ. ಯಾವುದಾದರೇನು ಅಂತ ಸುಮ್ನೆ ಮುಂದೆ ಹೋಗಬಹುದಿತ್ತು. ಮನಸ್ಸು ಒಪ್ಪಲಿಲ್ಲ.

‘ದೃಢೀಕರಣ’ ಅಂದರೆ ನನಗೆ ಮೊದಲು ನೆನಪಾಗುವುದು ದೃಢೀಕರಿಸಿದ ನಕಲು. ಮೂಲ ಪ್ರತಿ ಕಣ್ಣೆದುರಿಗಿದೆ, ನಕಲು ಹಾಗೇ ಇದೆ, ಸೀಲು ಬಿತ್ತು, ಮುಗೀತು. ಸಾವಯವದಲ್ಲಿ ಹೋಲಿಸಿ ನೋಡಲು ಮೂಲ ಪ್ರತಿಯೇ ಇಲ್ಲ. ಎರಡು ಟೊಮೆಟೊ ಪಕ್ಕಪಕ್ಕ ಇಟ್ಟರೆ ಯಾವುದು ಸಾವಯವ ಎಂದು ಯಾರೂ ನೋಡಿ ಹೇಳಲಾರರು. ಲ್ಯಾಬಿಗೆ ಕಳಿಸಿದರೂ ಕೀಟನಾಶಕ ಉಳಿದಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತದೆ. ಸರ್ಟಿಫಿಕೇಟ್ ಕೊಡುವುದು ಬೆಳೆದ ರೀತಿಗೆ.

ಆ ರೀತಿಯನ್ನು ರೈತರು ಮೊದಲು ಬರೆದು ಕೊಡಬೇಕು. ಯಾವ ಜಮೀನು, ಬೀಜ ಎಲ್ಲಿಯದು, ಏನು ಗೊಬ್ಬರ, ಪಕ್ಕದ ಹೊಲದ ಸಿಂಪಡಣೆ ಗಾಳಿಗೆ ತೇಲಿ ಬರದಂತೆ ಏನು ಏರ್ಪಾಡು, ಹೀಗೆ. ಆಮೇಲೆ ಹೊರಗಿನ ಸಂಸ್ಥೆಯ ಇನ್‌ಸ್ಪೆಕ್ಟರ್ ಬರುತ್ತಾರೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಅವರು ಸಲಹೆ ಕೊಡುವಂತಿಲ್ಲ. ಕೊನೆಯ ತೀರ್ಮಾನವೂ ಅವರದಲ್ಲ, ಸಂಸ್ಥೆಯಲ್ಲಿ ಬೇರೆಯವರದು. ಹೊಲ ನೋಡಿದ ಮೇಲೆ ಇನ್‌ಸ್ಪೆಕ್ಟರ್ ಲೆಕ್ಕದ ಪುಸ್ತಕ ಹಿಡಿದು ಕೂರುತ್ತಾರೆ. ಇಷ್ಟು ಜಮೀನಿನಲ್ಲಿ ಇಷ್ಟು ಬೆಳೆ ಬರಬಹುದು, ಮಾರಿದ್ದು ಎಷ್ಟು? ಬೆಳೆದದ್ದಕ್ಕಿಂತ ಜಾಸ್ತಿ ಮಾರಿದ್ದರೆ ಉಳಿದದ್ದು ಎಲ್ಲಿಂದ ಬಂತು? ಇದಕ್ಕೆ ಮೂಲದಲ್ಲಿ ‘ಮಾಸ್ ಬ್ಯಾಲೆನ್ಸ್’ ಎಂದಿದೆ. ನಾನು ‘ತಾಳೆ ನೋಡುವುದು’ ಅಂತ ಬರೆದೆ. ಪೊಟ್ಟಣದಿಂದ ಹಿಂದಕ್ಕೆ ಹೊಲದವರೆಗೆ ಹೋಗುವ ‘ಟ್ರೇಸಬಿಲಿಟಿ’ಗೆ ‘ಜಾಡು ಹಿಡಿಯುವುದು’. ‘ಪತ್ತೆಹಚ್ಚುವಿಕೆ’ಗಿಂತ ವಾಸಿ ಅಲ್ವಾ?

ಹೀಗೆ ಬರೆಯುತ್ತಾ ‘ಪ್ರಮಾಣ’ದ ಕಡೆ ವಾಲಿದೆ. ಆ ಪದಕ್ಕೆ ಆಣೆ, ಆಧಾರ, ಅಳತೆ ಮೂರೂ ಅರ್ಥ ಇವೆ. ರೈತರು ಕೊಡುವ ಮಾತು, ಅವರ ಲೆಕ್ಕಪತ್ರ ಎರಡೂ ಅದರೊಳಗೆ ಬಂದವು. ಅಳತೆಯ ಪಾಲು ಆಹಾರ ತಯಾರಕರಿಗೆ. ಅಮೆರಿಕದಲ್ಲಿ ನೀರು, ಉಪ್ಪು ಬಿಟ್ಟು ಉಳಿದದ್ದರಲ್ಲಿ ಶೇ. 95 ಸಾವಯವ ಆಗಿದ್ದರೆ ಪೊಟ್ಟಣದ ಮೇಲೆ ‘ಸಾವಯವ’ ಎಂದು ಹಾಕಬಹುದು. ಶೇ. 70 ಮುಟ್ಟಿದರೆ ‘ಇಂತಿಂಥ ಸಾವಯವ ಪದಾರ್ಥಗಳಿಂದ ಮಾಡಿದ್ದು’ ಎನ್ನಬಹುದು, ಅಷ್ಟೇ. ಇನ್ನು ಸಣ್ಣ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡುವ ಪದ್ಧತಿಯೂ ಇದೆ. ಅದಕ್ಕೆ ‘ಖಾತರಿ’ಯೇ ಸರಿ, ತಕರಾರಿಲ್ಲ.

‘ಸಾವಯವ’ ಪದವೂ ತಮಾಷೆಯದೇ. ರಸಾಯನಶಾಸ್ತ್ರದಲ್ಲಿ ಇಂಗಾಲ ಇರುವ ಯೂರಿಯಾ ಸಾವಯವ, ಸಾವಯವ ಕೃಷಿಯಲ್ಲಿ ಕಾರ್ಖಾನೆಯ ಯೂರಿಯಾಕ್ಕೆ ಜಾಗವಿಲ್ಲ! ಇಂಗಾಲದ ಸೋಂಕೇ ಇಲ್ಲದ ಗಂಧಕಕ್ಕೆ ಒಪ್ಪಿಗೆ ಇದೆ. ಅದಕ್ಕೇ ‘ರಾಸಾಯನಿಕ ಮುಕ್ತ’ ಎಂಬ ಅನುವಾದವನ್ನು ಹೊಡೆದುಹಾಕಿದೆ. ಇಂಗ್ಲಿಷಿನಲ್ಲಿ ‘ಆರ್ಗ್ಯಾನಿಕ್’ ಪದ ಬೇಸಾಯಕ್ಕೆ ಅಂಟಿದ್ದು 1940ರಲ್ಲಿ ಇಂಗ್ಲೆಂಡಿನ ಬೇಸಾಯಗಾರ, ಲೇಖಕ ಲಾರ್ಡ್ ನಾರ್ತ್‌ಬೋರ್ನ್ ಬಳಸಿದ ಮೇಲೆ. ಇಡೀ ಜಮೀನು ಒಂದು ಜೀವಿಯ ಹಾಗೆ ಎಂಬುದು ಅವರ ಯೋಚನೆ. ಅವಯವಗಳ ಸಮೇತ ಇರುವುದು ಎಂಬ ನಮ್ಮ ಪದ ಅದಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಈಗ ನಿಜವಾದ ತೊಡಕು, ‘ಕನ್ವರ್ಷನ್’. ರಸಗೊಬ್ಬರ ಬಿಟ್ಟ ದಿನವೇ ಜಮೀನು ಸಾವಯವ ಆಗುವುದಿಲ್ಲ. ಯುರೋಪಿನ ನಿಯಮದಲ್ಲಿ ವರ್ಷದ ಬೆಳೆಗಳಿಗೆ ಬಿತ್ತನೆಗೆ ಮುಂಚೆ 2 ವರ್ಷ, ಹಣ್ಣಿನ ಮರಗಳಿಗೆ ಮೊದಲ ಕೊಯ್ಲಿಗೆ ಮುಂಚೆ 3 ವರ್ಷ ಕಾಯಬೇಕು. ಅಮೆರಿಕದಲ್ಲಿ ಕೊಯ್ಲಿಗೆ ಮುಂಚೆ 36 ತಿಂಗಳು. ಅಷ್ಟು ದಿನ ದುಡಿಮೆ ಸಾವಯವದ್ದು, ಸಾವಯವ ಎಂದು ಮಾರುವಂತಿಲ್ಲ. ‘ಪರಿವರ್ತನಾ ಅವಧಿ’ ಎಂದು ಬರೆದು ಪಾರಾಗಬಹುದು. ಆದರೆ ಆ ಕಾಲದ ಬೆಳೆಗೆ ಏನನ್ನೋಣ? ‘ಪರಿವರ್ತನೆಯಲ್ಲಿರುವ ಬೆಳೆ’ ಎಂದರೆ ಬೆಳೆಯೇ ಇನ್ನೇನೋ ಆಗುತ್ತಿದೆ ಅನಿಸುತ್ತದೆ. ಬದಲಾಗುತ್ತಿರುವುದು ನೆಲ. ‘ಹದಗೊಳ್ಳುವ ಕಾಲದ ಬೆಳೆ’ ಅಂತ ಯೋಚಿಸಿದೆ. ಆದರೆ ನೆಲ ಹದವಾಗಿದೆ ಎಂದರೆ ಬಿತ್ತಲು ತಕ್ಕ ತೇವ ಇದೆ ಎಂದಲ್ಲವೇ ರೈತರು ತಿಳಿಯುವುದು?

ಬೇಸಾಯ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಅಧ್ಯಾಯ ಪೂರ್ತಿ ಆ ಒಂದು ಪದಕ್ಕಾಗಿ ಕಾದು ಕೂತಿದೆ.