ಅಪ್‌ಡೇಟ್: ಹಲಸಿನ ಮರದ ಜಗಲಿ ಸಿದ್ಧವಾಯಿತು

ಗಾಳಿಗೆ ಬಿದ್ದ ಹಲಸಿನ ಮರವನ್ನು ಮನೆಯಲ್ಲೇ ಕೊಯ್ದು, ಜಗಲಿಗೆ ಸೊಳ್ಳೆ ಜಾಲರಿಯ ಚೌಕಟ್ಟು ಮಾಡಬಹುದಾ ಎಂದು ಕೇಳಿದ್ದೆ. ಕೆಲಸ ಮುಗಿದಿದೆ, ತುಂಬಾ ಖುಷಿಯಾಗಿದೆ.

"ಹಸಿ ಮರ ಬಳಸಬೇಡಿ, ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗಿಸಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ಹಲಗೆಗಳ ನಡುವೆ ಗಾಳಿಯಾಡಲು ರೀಪಿನ ತುಂಡು ಇಟ್ಟು, ತುದಿಗಳಿಗೆ ಪೇಂಟ್ ಬಳಿದು ನೆರಳಲ್ಲಿ ಪೇರಿಸಿದ್ದೆವು. ಪೇಂಟ್ ಖಂಡಿತ ಬಳಿಯಿರಿ. ತುದಿಯಿಂದಲೇ ನೀರು ಬೇಗ ಆರಿ ಮರ ಸೀಳುವುದು, ಅಲ್ವಾ? ನಮ್ಮದು ಹೆಚ್ಚು ಸೀಳಲಿಲ್ಲ.

ಮರದ ಒಳಗಿನ ಹಳದಿ ತಿರುಳು ಮಾತ್ರ ಬಳಸಿದೆವು. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುವುದು ಜಾಸ್ತಿ. ಕಂಬಗಳನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದೇವೆ. ನಮ್ಮದು ಕರಾವಳಿ, ಉಪ್ಪು ಗಾಳಿಗೆ ತುಕ್ಕು ಬೇಗ, ಹಾಗಾಗಿ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ. ಅದನ್ನು ಹಿಡಿದಿಡುವ ಪಟ್ಟಿಗಳಿಗೆ ಮೊಳೆ ಬೇಡ, ಸ್ಕ್ರೂ ಹಾಕಿ. ಜಾಲರಿ ಹರಿದರೆ ಬಿಚ್ಚಿ ಬದಲಿಸಬಹುದು.