ಉಟ್ಟವಳು, ತೊಟ್ಟವಳು: ಗೊಗ್ಯಾಂ ಚಿತ್ರವೊಂದರ ಕನ್ನಡ ವಿವರಣೆಯ ಬಗ್ಗೆ

ಬಲ್ಲವರಿಗೆ ನಮಸ್ಕಾರ.

ಫ್ರೆಂಚ್ ಚಿತ್ರಕಾರ ಪಾಲ್ ಗೊಗ್ಯಾಂ ಪೆಸಿಫಿಕ್ ಸಾಗರದ ತಾಹಿಟಿ ದ್ವೀಪಕ್ಕೆ ಬಂದಿಳಿದ 1891ರಲ್ಲೇ ಬರೆದ ‘ತಾಹಿಟಿಯ ಹೆಂಗಸರು’ ಎಂಬ ಚಿತ್ರವನ್ನು ಕನ್ನಡದಲ್ಲಿ ವಿವರಿಸಲು ಹೊರಟು ಎರಡು ಕಡೆ ತಡವರಿಸಿದ್ದೇನೆ. ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಈ ಚಿತ್ರದಲ್ಲಿ ಇಬ್ಬರು ಹೆಂಗಸರು ಕಡಲ ದಂಡೆಯ ಮರಳಿನ ಮೇಲೆ ಕೂತಿದ್ದಾರೆ. ಎಡಗಡೆಯವಳ ಸೊಂಟದಲ್ಲಿ ಬಿಳಿ ಹೂಗಳ ಕೆಂಪು ಪಾರೆಯೋ ಇದೆ. ಗರಿಯ ಎಳೆಗಳನ್ನು ಹೆಣೆಯುತ್ತಿರುವ ಬಲಗಡೆಯವಳ ಮೈಮೇಲೆ ಕ್ರೈಸ್ತ ಮಿಷನರಿಗಳು ರೂಢಿಗೆ ತಂದ, ಮೈತುಂಬ ಮುಚ್ಚುವ ಗುಲಾಬಿ ಬಣ್ಣದ ನಿಲುವಂಗಿಯಿದೆ.

ಪಾರೆಯೋ ಎಂದರೆ ಹೊಲಿಗೆಯಿಲ್ಲದ, ಸುತ್ತಿ ಸಿಕ್ಕಿಸಿಕೊಳ್ಳುವ ಬಟ್ಟೆ. ಪಂಚೆ ಎಂದರೆ ನಮ್ಮ ಕಣ್ಣಿಗೆ ಬಿಳಿ ಬಟ್ಟೆಯೂ ಗಂಡಸೂ ಬರುತ್ತಾರೆ. ಸೀರೆ ಎಂದರೆ ಸೆರಗು ಬೇಕಾಗುತ್ತದೆ. ಲುಂಗಿ ಆಕಾರದಲ್ಲಿ ಹತ್ತಿರವಾದರೂ ಓದುವವರು ನಕ್ಕುಬಿಡುವ ಭಯವಿದೆ. ಹಾಗಾಗಿ ಹೆಸರನ್ನು ಪಾರೆಯೋ ಎಂದೇ ಉಳಿಸಿ, ಅರ್ಥದ ಭಾರವನ್ನು ಕ್ರಿಯಾಪದದ ಮೇಲೆ ಹಾಕಬಹುದೆಂದು ನನಗೆ ತೋರುತ್ತದೆ. ಇಂಗ್ಲಿಷಿನಲ್ಲಿ ಎರಡೂ ಬಟ್ಟೆಗೆ ಒಂದೇ ಕ್ರಿಯಾಪದ ಸಾಕು; ನಾವಾದರೋ ಸುತ್ತಿಕೊಳ್ಳುವುದನ್ನು ಉಡುತ್ತೇವೆ, ಹೊಲಿದದ್ದನ್ನು ತೊಡುತ್ತೇವೆ. ಒಬ್ಬಳು ಉಟ್ಟಿದ್ದಾಳೆ, ಇನ್ನೊಬ್ಬಳು ತೊಟ್ಟಿದ್ದಾಳೆ ಎಂದರೆ ಹೊರಗಿನಿಂದ ಬಂದ ಉಡುಪು ಯಾವುದೆಂಬುದು ಅರ್ಧ ತಿಳಿದಂತೆಯೇ. ಮಾರನೆಯ ವರ್ಷ ಗೊಗ್ಯಾಂ ಇದೇ ಚಿತ್ರವನ್ನು ತುಸು ಬದಲಿಸಿ ಮತ್ತೆ ಬರೆದಾಗ ಬಲಗಡೆಯವಳ ನಿಲುವಂಗಿಯನ್ನು ತೆಗೆದು ಅವಳಿಗೂ ಪಾರೆಯೋ ಉಡಿಸಿದ. ಆದರೆ ಎಲ್ಲದಕ್ಕೂ ‘ಹಾಕಿಕೊಳ್ಳು’ ಎನ್ನುವ ಇಂದಿನ ಓದುಗರಿಗೆ ಈ ವ್ಯತ್ಯಾಸ ಕಿವಿಗೆ ಬೀಳುತ್ತದೆಯೇ?

ಆ ಎರಡನೆಯ ಚಿತ್ರ ಡ್ರೆಸ್ಡೆನ್ನಿನಲ್ಲಿದೆ. ಅದರ ಹೆಸರು ‘ಪರಾವು ಆಪಿ’. ತಾಹಿಟಿ ಭಾಷೆಯಲ್ಲಿ ಪರಾವು ಎಂದರೆ ಮಾತು, ಆಪಿ ಎಂದರೆ ಹೊಸದು. ಇಂಗ್ಲಿಷಿನವರು ಇದನ್ನು ಸುದ್ದಿ ಕೇಳುವ ಪ್ರಶ್ನೆಯಾಗಿ ಅನುವಾದಿಸುತ್ತಾರೆ. ‘ಏನು ವಿಶೇಷ?’ ಎನ್ನುವುದು ನನಗೆ ಮೊದಲು ಹೊಳೆದ ಅನುವಾದ. ಆದರೆ ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ಯಾರಾದರೂ ‘ಏನಾದರೂ ವಿಶೇಷ ಉಂಟೇ?’ ಎಂದರೆ ಕೇಳುತ್ತಿರುವುದು ಬಸಿರಿನ ವಿಷಯವೆಂದು ಎಲ್ಲರಿಗೂ ಗೊತ್ತು, ಮತ್ತು ಚಿತ್ರದಲ್ಲಿ ಆ ಸುಳಿವು ಏನೂ ಇಲ್ಲ. ‘ಹೊಸ ಸುದ್ದಿ’ ಪತ್ರಿಕೆಯ ತಲೆಬರಹದಂತಿದೆ. ‘ಏನು ಸಮಾಚಾರ?’ ಪರವಾಗಿಲ್ಲ, ಆದರೆ ಮುಖ ತಿರುಗಿಸಿ ಮೌನವಾಗಿ ಕೂತ ಈ ಇಬ್ಬರಿಗೆ ಅದು ತೀರಾ ಲವಲವಿಕೆಯ ಮಾತಾಯಿತು. ಸದ್ಯಕ್ಕೆ ‘ಎಂತ ಸುದ್ದಿ?’ ಎಂದು ಬರೆದಿಟ್ಟಿದ್ದೇನೆ; ಕರಾವಳಿಯ ಹೊರಗಿನವರಿಗೆ ಅದು ಹೇಗೆ ಕೇಳಿಸುತ್ತದೆ ಎಂದು ತಿಳಿಸಬೇಕು.

ಹಾಗೆಯೇ, ಹೆಂಗಸರು ಸೊಂಟಕ್ಕಷ್ಟೇ ಸುತ್ತಿಕೊಳ್ಳುವ ಬಟ್ಟೆಗೆ ನಿಮ್ಮ ಸೀಮೆಯಲ್ಲಿ ಬೇರೆ ಮಾತಿದ್ದರೆ, ಹಿರಿಯರ ಬಾಯಲ್ಲಿ ಮಾತ್ರ ಉಳಿದದ್ದಾದರೂ ಸರಿ, ದಯವಿಟ್ಟು ಬರೆಯಿರಿ.